ಜಗಲಿಯ ಮೇಲಿನ ಪದಕ

ಸವಣೂರಿನಲ್ಲಿ ಬಂದೇಸಾಬ ಎಂದರೆ ಯಾರಿಗೂ ತಿಳಿಯದು, ಪದಕದ ಹುಚ್ಚ ಎಂದರೆ ನೇರ ನನ್ನ ಮನೆ ತೋರಿಸುತ್ತಾರೆ. ಪಲ್ಟನ್ನಿನಲ್ಲಿ ಕಾರಕೂನನಾಗಿದ್ದವನು, ಪಿಂಚಣಿ ಬಂದ ಮೇಲೆ ಸಿಪಾಯಿಗಳ ಪದಕ ಕೂಡಿಹಾಕತೊಡಗಿದೆ. "ಸತ್ತವರ ಸಾಮಾನು ತಂದು ಮನಿ ತುಂಬಾಕತ್ತೀರಿ" ಎಂದು ಹೆಂಡತಿ ನಸೀರಾ ರೇಗುತ್ತಾಳೆ. ಅವಳಿಗೇನು ಗೊತ್ತು? ಪದಕದ ರಿಬ್ಬನ್ನಿನ ಮೇಲೆ, ಸಿಪಾಯಿ ಕಾದಾಡಿದ ಕಾಳಗದ ಹೆಸರಿರುವ ಬೆಳ್ಳಿಯ ಪಟ್ಟಿ ಕೂಡಿಸಿರುತ್ತಾರೆ. ಅದರಲ್ಲಿ ವಾಯವ್ಯ ಗಡಿಯ ಗುಡ್ಡಗಾಡಿನ 'ಮಹಸೂದ್' ಎಂಬ ಪಟ್ಟಿ ಹನ್ನೆರಡು ವರ್ಷ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ.

೧೯೪೩ರಲ್ಲಿ ತಿಳವಳ್ಳಿಯಿಂದ ಉಡಚವ್ವ ಎಂಬ ಮುದುಕಿ, ಮಗನ ಪದಕವಿದೆ ಎಂದು ಹೇಳಿಕಳಿಸಿದಳು. ಓಡಿದೆ.

ಅವಳ ಮಗ ಗುತ್ತೆಪ್ಪ ಆ ಗಡಿಯ ಗುಡ್ಡಗಳಲ್ಲೇ ಸತ್ತವನು. ಹೆಣ ಬರಲಿಲ್ಲ, ಟಪಾಲಿನಲ್ಲಿ ಪದಕ ಬಂತು. ಸತ್ತವರ ಹೆಸರಿನಲ್ಲಿ ಬೆಳ್ಳಿಯ ಮುಖ ಮಾಡಿಸಿ ದೇವರ ಜಗಲಿಯ ಮೇಲಿಡುವುದು ಅವರ ಮನೆತನದ ಪದ್ಧತಿ. ಬಂದದ್ದೂ ಬೆಳ್ಳಿ, ಅದರ ಮೇಲೂ ಒಂದು ಮುಖ. ಸರಕಾರವೇ ಮಗನ ಮುಖ ಮಾಡಿಸಿ ಕಳಿಸಿದೆ ಎಂದುಕೊಂಡು ಇಪ್ಪತ್ತು ವರ್ಷ ಅದಕ್ಕೆ ನೀರೆರೆದು ಕುಂಕುಮ ಹಚ್ಚಿದ್ದಳು. ಮೊನ್ನೆ ಚಳವಳಿಯಲ್ಲಿ ಜೇಲು ಕಂಡು ಬಂದ ಅವಳ ಅಣ್ಣನ ಮಗ ಉಳವಪ್ಪ ಅದನ್ನು ನೋಡಿ, "ಅತ್ತಿ, ಇದು ಇಂಗ್ಲಿಷರ ರಾಜಾನ ಮಾರಿ" ಎಂದು ನಕ್ಕುಬಿಟ್ಟನಂತೆ.

"ತಗೊಂಡು ಹೋಗ್ರಿ ಸಾಬ್ರ, ಏನೂ ಕೊಡಬ್ಯಾಡ್ರಿ" ಎಂದು ಪದಕವನ್ನು ಹೊರಗೆ ತಂದು ನನ್ನ ಅಂಗೈಗೆ ಹಾಕಿದಳು. "ಇಷ್ಟ್ ವರ್ಷ ಯಾರಿಗೆ ಎಡಿ ಹಿಡದೆ? ನನ್ನ ಮಗ ಹಸಗೊಂಡ ಕುಂತಾನೇನ್ರಿ?"

ಅವಳ ಮಾತಿನ ಕಡೆ ನನಗೆ ಗಮನವಿರಲಿಲ್ಲ, ಪಟ್ಟಿ ಬೇಕಿತ್ತು. ಇತ್ತು, ಮಹಸೂದ್! ನಾಚಿಕೆಗೋ ಏನೋ, ಬೂದಿ ಹಾಕಿ ತಿಕ್ಕಿದ್ದಳು. ರಾಜನ ಮುಖ ಲಕಲಕ ಹೊಳೆಯುತ್ತಿತ್ತು, ಕುಂಕುಮದ ಸುಳಿವೇ ಇರಲಿಲ್ಲ. ರೂಢಿಯಂತೆ ಭೂತಗನ್ನಡಿ ತೆಗೆದು ಪದಕದ ಅಂಚು ನೋಡಿದೆ.

ಅಂಚಿನ ಸುತ್ತ ಕೊರೆದ ಇಂಗ್ಲಿಷ್ ಅಕ್ಷರಗಳ ಒಳಗೆಲ್ಲ ಕುಂಕುಮ ಗಟ್ಟಿಯಾಗಿ ಕೂತಿತ್ತು. ಬೂದಿಗೂ ಜಗ್ಗದೆ ಒಂದೊಂದು ಅಕ್ಷರವೂ ಕೆಂಪಗೆ ಎದ್ದು ಕಾಣುತ್ತಿತ್ತು. ಎಷ್ಟು ಪದಕ ನೋಡಿದ್ದೇನೆ ನಾನು, ಇಂಥದೊಂದನ್ನು ಕಂಡಿರಲಿಲ್ಲ.

ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ಆಗ ನಾನೊಬ್ಬನೇ. ಬಾಯಿ ಮುಚ್ಚಿಕೊಂಡು ಎದ್ದಿದ್ದರೆ ಪದಕ ನನ್ನದು. ಒಂದು ಗಳಿಗೆ ಹಾಗೆಯೇ ಕೂತೂ ಇದ್ದೆ, ಸುಳ್ಳೇಕೆ ಹೇಳಲಿ.

"ಅವ್ವಾ, ಬೆರಳು ಕೊಡ್ರಿ" ಎಂದೆ. ಅವಳ ಬೆರಳನ್ನು ಅಂಚಿನ ಮೇಲಿಟ್ಟು ನಿಧಾನ ಸರಿಸಿದೆ. "ಮಾರಿ ರಾಜಾಂದು, ಖರೆ. ಆದ್ರ ಇಲ್ಲಿ ಬರದದ್ದು ಸಿಪಾಯಿ ಗುತ್ತೆಪ್ಪ ಅಂತ. ನಿಮ್ಮ ಕುಂಕುಮ ಎಲ್ಲಾ ಇಲ್ಲೇ ಕುಂತೈತ್ರಿ."

ಬೆರಳು ಅಲ್ಲೇ ನಿಂತಿತು.

"ಇನ್ನೊಮ್ಮೆ ಓದ್ರಿ" ಎಂದಳು.

ಓದಿದೆ. ಅವಳು ಪದಕವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಜಗಲಿಯ ಕಡೆಯಿಂದ ಕುಂಕುಮದ ಭರಣಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.