ಎರಡು ಪಟ್ಟು ವೇಗದ ಪಾಠ

"ಗುಂತಕಲ್ ಗಾಡಿ ಹೋದಂಗ ಹೋತಲ್ಲವಾ ನಿನ್ನ ಪಾಠ! ಪ್ಲಾಟ್‌ಫಾರ್ಮಿನ್ಯಾಗ ನಿಂತವರಿಗೆ ಹತ್ತಾಕ ಸಂದೇ ಕೊಡಲಿಲ್ಲ," ಎಂದ ಗಬ್ಬೂರಿನ ಹುಲಿಗೇಶ.

ಬೆಂಚಿನ ಮೇಲಿದ್ದ ಆರೂ ಮಂದಿ ಸಹಪಾಠಿಗಳು ನಕ್ಕರು. ಬೋರ್ಡಿನ ಮುಂದೆ ನಿಂತಿದ್ದ ಮೌನೇಶ್ವರಿ ಗಡಿಯಾರ ನೋಡಿದಳು. ನಲವತ್ತು ನಿಮಿಷಕ್ಕೆಂದು ಸಿದ್ಧ ಮಾಡಿದ ಪಾಠ ಹದಿನೇಳೇ ನಿಮಿಷಕ್ಕೆ ಮುಗಿದುಹೋಗಿತ್ತು.

ಇದು ತಾಲೀಮು, ಅಷ್ಟೇ ಸಮಾಧಾನ. ಅಸಲಿ ಪಾಠ ಇರುವುದು ಸೋಮವಾರ. ರಾಯಚೂರಿನ ಅವರ ಕಾಲೇಜಿನ ಸಂಖ್ಯಾಶಾಸ್ತ್ರ ಎಂ.ಎಸ್ಸಿ. ತರಗತಿಯಲ್ಲಿ 'ಮಾದರಿ ಸಮೀಕ್ಷೆ' ಎಂಬ ಐಚ್ಛಿಕ ಪೇಪರಿಗೆ ಈಗ ಮೇಷ್ಟ್ರೇ ಇಲ್ಲ. ಇದ್ದ ಅತಿಥಿ ಉಪನ್ಯಾಸಕರು ಬೇರೆ ಕಡೆ ಕಾಯಂ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದರು. "ಕಲಿಸೋರಿಲ್ಲದ ಪೇಪರ್ ಇಟ್ಟು ನಿಮ್ಮನ್ನ ಫೇಲ್ ಮಾಡಿಸ್ಲೇನು? ಬ್ಯಾರೆ ಪೇಪರ್ ತಗೊಳ್ರಿ," ಎಂದಿದ್ದರು ವಿಭಾಗದ ಮುಖ್ಯಸ್ಥ ವಿರೂಪಣ್ಣ ಸರ್. "ಇಂಟರ್‌ನೆಟ್ಟಿನ್ಯಾಗ ನೋಡಿ ನಾವೇ ಓದ್ಕೋತೀವ್ರಿ ಸರ್," ಎಂದು ಮೌನೇಶ್ವರಿ ಬಾಯಿ ಹಾಕಿದ್ದಕ್ಕೆ ಅವರು ಷರತ್ತೊಂದು ಇಟ್ಟರು. ಸೋಮವಾರ ಅವಳೇ ಒಂದು ಪಾಠ ಹೇಳಬೇಕು. ಉಳಿದವರಿಗೆ ತಿಳಿದರೆ ಪೇಪರ್ ಇರುತ್ತದೆ, ತಿಳಿಯದಿದ್ದರೆ ಇಲ್ಲ.

ಉಳಿದವರಿಗೆ ಈ ಪೇಪರಾದರೇನು, ಇನ್ನೊಂದಾದರೇನು. ಮೌನೇಶ್ವರಿಗೆ ಹಾಗಲ್ಲ. ಇಲ್ಲಿತನಕ ಎಲ್ಲವನ್ನೂ ಬಾಯಿಪಾಠ ಮಾಡಿಯೇ ಪಾಸಾದವಳು ಅವಳು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ವಿಡಿಯೋ ನೋಡಿ, ತಪ್ಪಿದ ಲೆಕ್ಕ ಹೊಡೆದುಹಾಕಿ ಮತ್ತೆ ಮಾಡಿ, ತಾನೇ ತಿಳಿದುಕೊಂಡ ಮೊದಲ ವಿಷಯ ಇದು. ಅದನ್ನು ಬಿಡಲು ಅವಳು ತಯಾರಿರಲಿಲ್ಲ.

"ಇಷ್ಟು ಜೋರ್ ಮಾತಾಡೋದು ಎಲ್ಲಿ ಕಲ್ತಿ ಮೌನಿ?" ಎಂದು ಭಾಗ್ಯಜ್ಯೋತಿ ಮೆಲ್ಲಗೆ ಕೇಳಿದಳು. ತರಗತಿಯಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದ ಹುಡುಗಿ ಅವಳು.

"ವಿಡಿಯೋದಾಗಿನ ಸರ್ ಹಿಂಗೇ ಹೇಳ್ತಾರಲ್ಲ."

ಹುಲಿಗೇಶ ಫೋನು ಇಸಿದುಕೊಂಡು ನೋಡಿದ. "ಎಲಾ ಇಕಿನ! ಎರಡು ಪಟ್ಟು ಸ್ಪೀಡ್ ಇಟ್ಟಾಳಲ್ರಪ್ಪೋ!"

"ಮತ್ತ? ದಿನಕ್ಕ ಒಂದೂವರೆ ಜಿಬಿ ಅಷ್ಟ ಬರೋದು. ಜೋರ್ ಓಡಿಸಿದ್ರ ಡೇಟಾ ಅರ್ಧ ಉಳೀತದ."

"ಯಾರು ಹೇಳಿದ್ರು ನಿನಗ? ನಳ ಜೋರ್ ಬಿಟ್ರ ಕೊಡಕ್ಕ ನೀರು ಕಮ್ಮಿ ಹಿಡೀತದೇನು? ಅಷ್ಟ ವಿಡಿಯೋ, ಅಷ್ಟ ಡೇಟಾ!"

ಈ ಸಲ ಮೌನೇಶ್ವರಿಗೂ ನಗು ತಡೆಯಲಾಗಲಿಲ್ಲ. ಇಷ್ಟು ದಿನ ಅವಳ ವಿಡಿಯೋ ಮೇಷ್ಟ್ರು ಉಸಿರು ಬಿಡದೆ ಓಡಿದ್ದರು, ಇವಳೂ ಅವರ ಬೆನ್ನು ಹತ್ತಿ ಓಡಿದ್ದಳು. ನಗು ಮುಗಿದ ಮೇಲೆ ಮಾತ್ರ ಅಂಜಿಕೆ ಶುರುವಾಯಿತು. ಸೋಮವಾರಕ್ಕೆ ಉಳಿದಿದ್ದು ಎರಡೇ ದಿನ.

ಶನಿವಾರ ಮಾನ್ವಿ ಬಸ್ಸು ಹಿಡಿದು ತನ್ನ ಊರಾದ ಹಿರೇಕೊಟ್ನೆಕಲ್‌ಗೆ ಬಂದಳು. ಭಾನುವಾರ ಬೆಳಿಗ್ಗೆ ಅವ್ವ ಗೋಪಮ್ಮ ಬಾಗಿಲ ಮುಂದೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮಗಳು ಎದುರಿಗೆ ಕೂತಳು.

"ಯವ್ವಾ, ಒಂದು ಪಾಠ ಹೇಳ್ತೀನಿ. ತಿಳೀಲಿಲ್ಲಂದ್ರ ಅಲ್ಲೇ ನಿಲ್ಸು."

"ನನಗ್ಯಾಕ ಬೇ ನಿನ್ನ ಪಾಠ? ಈ ವಯಸ್ಸಿನಾಗ ಪರೀಕ್ಷೆ ಬರಸ್ತೀ ಏನು?"

"ಕೇಳು ಸುಮ್ನ. ಒಂದೂರಾಗ ಸಾವಿರ ಮನಿ ಅದಾವ. ಎಲ್ಲಾ ಮನಿಗೂ ಹೋಗಾಕ ಆಗಂಗಿಲ್ಲ. ನೂರು ಮನಿ ಕೇಳಿ ಇಡೀ ಊರಿನ ಸುದ್ದಿ ಹೇಳಬೇಕು. ಅದಕ್ಕ—"

"ತಡಿ, ತಡಿ. ಯಾವ ನೂರು?"

"ಯಾವುದಾರ ನೂರು."

"ಅದೆಂಗಾಗ್ತದ? ಹ್ವಾದ ವರ್ಷ ಯಾರೋ ಇಬ್ರು ಬಂದು ನೀರಿನ ಸುದ್ದಿ ಬರ್ಕೊಂಡು ಹೋದ್ರು. ಊರ ಅಗಸಿ ಬಾಗಿಲ ಕಡೆ ಕೇಳಿದ್ರು, ಚಾ ಕುಡಿದ್ರು, ಹೋದ್ರು. ನಮ್ಮ ಓಣಿಗೆ ಬರಲೇ ಇಲ್ಲ. ಅವರ ಕಾಗದದಾಗ ನಾವು ಇದ್ದೀವೋ, ಸತ್ತೀವೋ?"

ವಿಡಿಯೋದಲ್ಲಿ ಇದಕ್ಕೆ ಉತ್ತರವಿತ್ತು; ಮೌನೇಶ್ವರಿ ಸೂತ್ರ ಬರೆದುಕೊಂಡಿದ್ದಳು, ಬಾಯಿಗೂ ಬರುತ್ತಿತ್ತು. ಅದು ಯಾರ ಪ್ರಶ್ನೆಗೆ ಉತ್ತರ ಎಂಬುದು ಮಾತ್ರ ಈಗ ತಿಳಿಯಿತು.

"ಅದಕ್ಕ ಯವ್ವಾ," ಎಂದಳು, ಈಗ ಸಾವಕಾಶವಾಗಿ, "ಮೊದಲು ಊರನ್ನ ಓಣಿ ಓಣಿ ಬ್ಯಾರೆ ಮಾಡ್ಕೋಬೇಕು. ಎಲ್ಲಾ ಓಣಿಯಿಂದನೂ ಮನಿ ಆರಿಸ್ಕೋಬೇಕು. ಚೀಟಿ ಎತ್ತಿದಂಗ, ಮುಖ ನೋಡಿ ಅಲ್ಲ."

"ಸಣ್ಣ ಓಣಿಗೆ?"

"ಕಮ್ಮಿ ಮನಿ. ಆದ್ರ ಬಿಡಂಗಿಲ್ಲ."

"ಹಾಂ, ಈಗ ಖರೆ ಆತು," ಎಂದು ಗೋಪಮ್ಮ ಮೊರ ಕೊಡವಿದಳು. "ಮುಂದ ಹೇಳು."

ಅವ್ವ ಹದಿನಾಲ್ಕು ಸಲ ನಿಲ್ಲಿಸಿದಳು. ಎರಡು ಸಲ ಬೈದಳು. ಪಾಠ ಮುಗಿಯುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿತ್ತು.

ಸೋಮವಾರ ವಿರೂಪಣ್ಣ ಸರ್ ಕೈಕಟ್ಟಿ ಬಾಗಿಲ ಪಕ್ಕ ನಿಂತರು. ಮೌನೇಶ್ವರಿಯ ನಾಲಗೆ ಮೊದಲ ಎರಡು ನಿಮಿಷ ಮತ್ತೆ ಗುಂತಕಲ್ ಕಡೆಗೇ ಓಡಿತು. ಹುಲಿಗೇಶ ಬೆಂಚಿನಡಿಯಿಂದ ಬಸ್ ಕಂಡಕ್ಟರನಂತೆ ಕೈ ಆಡಿಸಿದ: ಹೋಲ್ಡಾನ್. ಅವಳು ನಿಂತಳು. ಬೋರ್ಡು ಒರೆಸಿ ಒಂದು ಊರು ಬರೆದಳು; ಅಗಸಿ, ಗುಡಿ, ಮಸೂತಿ, ಏಳು ಓಣಿ. "ಇದರಾಗ ಯಾರನ್ನ ಕೇಳಬೇಕು, ನೀವೇ ಹೇಳ್ರಿ," ಎಂದಳು.

ಜಗಳವೇ ಎದ್ದಿತು. ಒಬ್ಬ ಅಗಸಿ ಎಂದ, ಇನ್ನೊಬ್ಬಳು ಎಲ್ಲ ಓಣಿ ಎಂದಳು. ಜಗಳವಾಡುತ್ತಲೇ ಅವರು ಸೂತ್ರದ ಹತ್ತಿರ ಬಂದುಬಿಟ್ಟರು. ಆರೂ ಮಂದಿ ಲೆಕ್ಕ ಮಾಡಿದರು, ಐವರದು ಸರಿಬಂತು.

"ಓಣಿ ಗಡಿ ತಪ್ಪಾಗಿ ಹಾಕ್ಕೊಂಡ್ರ ಉತ್ತರ ಎಷ್ಟು ಕೆಡ್ತದ?" ಎಂದು ವಿರೂಪಣ್ಣ ಸರ್ ಕೇಳಿದರು.

ಮೌನೇಶ್ವರಿ ಬೋರ್ಡಿನ ಮೇಲಿನ ಓಣಿಗಳನ್ನು ಮತ್ತೊಮ್ಮೆ ನೋಡಿದಳು. "ಗೊತ್ತಿಲ್ರಿ ಸರ್. ಅಲ್ಲಿತನಕ ಇನ್ನಾ ಹೋಗಿಲ್ಲ. ಹುಡುಕಿ ಹೇಳ್ತೀನ್ರಿ."

"ಹುಡುಕು. ಸಿಕ್ರ ನನಗೂ ಹೇಳು. ನಾ ಓದಿ ಮೂವತ್ತು ವರ್ಷಾತು, ಮರ್ತೋಗ್ಯಾದ." ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಪೇಪರ್ ಇರ್ಲಿ. ಮುಂದಿನ ಸೋಮವಾರ ಯಾರು?"

ಹುಲಿಗೇಶ ಮೇಲಿನ ಫ್ಯಾನು ನೋಡತೊಡಗಿದ.

"ನಾ ಹೇಳ್ತೀನ್ರಿ ಸರ್," ಎಂದಿತು ಹಿಂದಿನ ಬೆಂಚಿನಿಂದ ಭಾಗ್ಯಜ್ಯೋತಿಯ ಮೆಲುದನಿ. "ಆದ್ರ ನಾ ನೋಡಿದ್ದು ಅರ್ಧ ವಿಡಿಯೋ ಅಷ್ಟರಿ."

"ಅರ್ಧಾನೇ ಹೇಳವಾ."

ಎಲ್ಲರೂ ಗದ್ದಲ ಮಾಡುತ್ತ ಹೊರಗೆ ಹೋದರು. ಭಾಗ್ಯಜ್ಯೋತಿ ಮಾತ್ರ ಬೋರ್ಡಿನ ಹತ್ತಿರ ಬಂದು, ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ತುಂಡೊಂದನ್ನು ಎತ್ತಿ, ಊದಿ, ತನ್ನ ಪೆನ್ನಿನ ಡಬ್ಬಿಯಲ್ಲಿ ಹಾಕಿಕೊಂಡಳು.