ಗಡಿ ವರ್ಷ

“ಹಳೆಯದು ಅಂದರೆ ಬರೀ ವಯಸ್ಸಾದದ್ದಲ್ಲ,” ಎಂದು ಅವನು ಲಿಫ್ಟಿಗೆ ಹೇಳಿದ. ಒಳಗೆ ಬೇರೆ ಯಾರೂ ಇರಲಿಲ್ಲ. ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಒಂದು ವಾದ ಮುಗಿಸಬಹುದಿತ್ತು. ಎರಡನೆಯದಕ್ಕೆ ಕಟ್ಟಡ ಸಾಲುತ್ತಿರಲಿಲ್ಲ.

ಬಾಗಿಲು ತೆರೆದಾಗ ಅವನ ಬಾಯಿಯೂ ತೆರೆದೇ ಇತ್ತು. ಎದುರಿಗೆ ಜಾಹೀರಾತು ವಿಭಾಗದವನು ನಿಂತಿದ್ದ.

“ಏನ್ ಸಾರ್, ಬೆಳಿಗ್ಗೆ ಬೆಳಿಗ್ಗೆನೇ ಕತ್ತಿ ಮಸೀತಿದೀರಾ?”

“ಹಾಗೇನಿಲ್ಲ.”

“ಹನ್ನೊಂದಕ್ಕೆ ಸಭೆ. ಗಡಿ ಸಾಹೇಬ್ರು ಮಾತಾಡ್ತಾರಲ್ಲ ಅಂತ ಎರಡು ಸುತ್ತು ಕಾಫಿಗೆ ಹೇಳಿಟ್ಟಿದೀನಿ.”

ಗಡಿ ಸಾಹೇಬ್ರು ಅಂದರೆ ಅವನೇ. ಹಳೆಯ ಸಿನಿಮಾಗಳನ್ನು ಮಾತ್ರ ತೋರಿಸುವ ಆ ಟಿವಿ ಚಾನೆಲ್‌ನಲ್ಲಿ ಯಾವ ದಿನ ಯಾವ ಚಿತ್ರ ಎಂದು ಪಟ್ಟಿ ಮಾಡುವ ಕೆಲಸ ಅವನದು. ಹದಿನೆಂಟು ವರ್ಷದಿಂದ ಅದೇ ಕುರ್ಚಿ. ಎಪ್ಪತ್ತನೇ ಇಸವಿಯಿಂದೀಚೆಗೆ ತೆಗೆದ ಒಂದೇ ಒಂದು ಚಿತ್ರವನ್ನು ಅವನು ಒಳಗೆ ಬಿಟ್ಟಿರಲಿಲ್ಲ. ಎಪ್ಪತ್ತೊಂದರದ್ದೊಂದು ಹಿಂಬಾಗಿಲಿನಿಂದ ನುಸುಳಲು ನೋಡಿದಾಗ, ಜ್ವರ ಬಂದು ಮಲಗಿದ್ದವನು ಮಫ್ಲರ್ ಸುತ್ತಿಕೊಂಡು ಬಂದು ತಡೆದಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಒಳಗೊಳಗೇ ಖುಷಿಯೂ ಆಗಿತ್ತು.

ಇವತ್ತಿನ ಸಭೆ ಆ ಗಡಿಯ ಬಗ್ಗೆಯೇ. ನೋಡುವವರು ಕಡಿಮೆಯಾಗುತ್ತಿದ್ದಾರೆ, ಎಪ್ಪತ್ತರಿಂದ ತೊಂಬತ್ತರವರೆಗಿನ ನಲವತ್ತು ಚಿತ್ರಗಳನ್ನು ಸೇರಿಸಿಕೊಳ್ಳೋಣವೇ ಬೇಡವೇ. ಪಟ್ಟಿ ಅವನ ಮೇಜಿನ ಮೇಲಿತ್ತು. ಹತ್ತೊಂಬತ್ತನೇ ಸಾಲಿನಲ್ಲಿ ಎಂಬತ್ತೆರಡರ ಒಂದು ಚಿತ್ರ. ಅದರ ನಾಯಕಿಗೆ ದನಿ ಕೊಟ್ಟವಳು ಅವನ ಹೆಂಡತಿ.

ಹೆಂಡತಿ ಸತ್ತು ಮೂರು ವರ್ಷವಾಗಿತ್ತು.

ಮದುವೆಗೆ ಮುಂಚೆ ಎರಡು ವರ್ಷ ಅವಳು ಡಬ್ಬಿಂಗ್ ಮಾಡಿದ್ದಳು. ನರ್ಸು, ಪಕ್ಕದ ಮನೆಯವಳು, ಗುಂಪಿನಲ್ಲಿ ಕಿರುಚುವವಳು. ಪೂರ್ತಿ ಚಿತ್ರ ಸಿಕ್ಕಿದ್ದು ಅದೊಂದೇ. ಅದರಲ್ಲೂ ಅವಳ ಹೆಸರು ಹಾಕಿರಲಿಲ್ಲ. ಆಮೇಲೆ ಮಗಳು, ಮನೆ, ಇವನು. ಆ ದನಿಯೆಲ್ಲ ಹಾಲಿನವನ ಜೊತೆ, ಗ್ಯಾಸಿನವನ ಜೊತೆ ಮಾತಾಡುವುದರಲ್ಲೇ ಸವೆದುಹೋಯಿತು. ಮನೆಯಲ್ಲಿ ಅವಳ ಫೋಟೋಗಳಿದ್ದವು, ದನಿ ಮಾತ್ರ ಎಲ್ಲೂ ಇರಲಿಲ್ಲ. ಯಾರಾದರೂ ವಿಡಿಯೋ ತೆಗೆಯಲು ಬಂದರೆ ಬಾಯಿ ಮುಚ್ಚಿಕೊಂಡು ಕೈಯಾಡಿಸುತ್ತಿದ್ದಳು. ಮೈಕ್ ಕೊಡಿ, ಆಮೇಲೆ ನೋಡಿ, ಅನ್ನುತ್ತಿದ್ದಳು.

ಆರು ವರ್ಷದ ಹಿಂದೆ, ಒಂದು ಭಾನುವಾರ, ಇಬ್ಬರೂ ಹೊದಿಕೆ ಮಡಚುತ್ತಿದ್ದರು. ಆ ಕಡೆಯ ಎರಡು ತುದಿ ಅವಳ ಕೈಯಲ್ಲಿ, ಈ ಕಡೆಯದು ಅವನ ಕೈಯಲ್ಲಿ.

“ರೀ, ನನ್ನ ಸಿನಿಮಾ ಒಂದ್ಸಲ ಹಾಕ್ರೀ,” ಎಂದಳು. “ಮಧ್ಯಾಹ್ನ, ಯಾರೂ ನೋಡದ ಹೊತ್ತಲ್ಲಾದ್ರೂ ಸರಿ. ನಾನೊಬ್ಬಳು ನೋಡ್ತೀನಲ್ಲ.”

“ಅದು ಎಂಬತ್ತೆರಡು.”

“ಇರಲಿ. ನಿಮ್ಮ ಗಡೀಲಿ ನನಗೊಂದು ಕಿಂಡಿ ಇಲ್ವಾ?”

“ನಿಯಮ ಅಂದ್ರೆ ನಿಯಮ ಕಣೇ. ನಿನಗೊಂದು, ಊರಿಗೊಂದು ಮಾಡೋಕಾಗುತ್ತಾ?”

ಅವಳು ತನ್ನ ತುದಿಗಳನ್ನು ಹಿಡಿದುಕೊಂಡೇ ನಡೆದು ಬಂದು, ಅವನ ಕೈಯಲ್ಲಿದ್ದದ್ದನ್ನೂ ತೆಗೆದುಕೊಂಡು ಮಡಚಿ ಮುಗಿಸಿದಳು. ಆಯ್ತು ಬಿಡಿ, ಎಂದಳು. ಮತ್ತೆಂದೂ ಕೇಳಲಿಲ್ಲ.

ಇವತ್ತು ಗಡಿ ಉಳಿದರೆ ಆ ದನಿ ಇನ್ನೆಂದೂ ಕೇಳಿಸುವುದಿಲ್ಲ. ಗಡಿ ಬಿದ್ದರೆ? ಕಾಫಿ ಕುಡಿಯುತ್ತ ಐದು ಜನ ಅಳಿಸಿಹಾಕಬಹುದಾದ ಒಂದು ಗೆರೆಗಾಗಿ ಅವಳಿಗೆ ಇಲ್ಲ ಅಂದ ಹಾಗಾಯಿತು. ಮೂರು ವಾರದಿಂದ ಅವನಿಗೆ ತನಗೆ ಯಾವುದು ಬೇಕು ಎಂದೇ ತಿಳಿದಿರಲಿಲ್ಲ. ಅವಳ ದನಿ ಕೇಳಬೇಕು, ತಾನು ಹೇಳಿದ್ದೂ ಸರಿಯಾಗಿರಬೇಕು. ಎರಡೂ ಒಟ್ಟಿಗೆ ಸಿಗುವಂತಿರಲಿಲ್ಲ.

ಹತ್ತೂವರೆಗೆ ಮಗಳ ಫೋನು ಬಂತು.

“ಅಪ್ಪ, ಇವತ್ತಲ್ವಾ?”

“ಏನು?”

“ಏನು ಅಂತ ನಿನಗೆ ಗೊತ್ತು.”

“ಹನ್ನೊಂದಕ್ಕೆ.”

“ನೀನೇನು ಹೇಳ್ತೀಯಾ?”

“ಬೇರೆಯವರು ಏನು ಹೇಳ್ತಾರೋ ನೋಡ್ಬೇಕು.”

ಆ ಕಡೆ ನಲ್ಲಿಯ ಸದ್ದು ಕೇಳುತ್ತಿತ್ತು. ಅದು ನಿಂತಿತು. “ಅಮ್ಮ ನನ್ನ ಹೇಗೆ ಕರೀತಿದ್ಲು ಅಂತ ನೆನಪಿದೆ ಅಪ್ಪ. ಆದ್ರೆ ನೆನಪು ಮಾಡ್ಕೊಂಡ್ರೆ ನನ್ನ ದನಿಯೇ ಕೇಳ್ಸುತ್ತೆ. ಅಮ್ಮಂದು ಕೇಳ್ಸೋದೇ ಇಲ್ಲ.”

“ಊಟ ಆಯ್ತಾ?”

“ಈಗ ಹತ್ತೂವರೆ, ಅಪ್ಪ.”

“ಹೌದಲ್ಲ,” ಎಂದ ಅವನು.

ಸಭೆಯ ಕೋಣೆಯಲ್ಲಿ ಅವನೂ ಸೇರಿ ಐದು ಜನ. ಮುಖ್ಯಸ್ಥೆ, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಜಾಹೀರಾತಿನವನು. ನೋಡುಗರ ಪತ್ರಗಳನ್ನು ಓದಿ ಉತ್ತರ ಬರೆಯುವ ಹೆಂಗಸು. ಎಲ್ಲರೂ ಅವಳನ್ನು ಪತ್ರದಕ್ಕ ಅನ್ನುತ್ತಿದ್ದರು. ಕೊನೆಯಲ್ಲಿ ಟೇಪಣ್ಣ, ಚಾನೆಲ್ ಶುರುವಾದ ದಿನದಿಂದ ನೆಲಮಾಳಿಗೆಯಲ್ಲಿ ಟೇಪು ಕಾಯುತ್ತ ಬಂದವನು.

ಪತ್ರದಕ್ಕ ಎರಡು ಪತ್ರ ಓದಿದಳು. ಒಬ್ಬಾಕೆ ಬರೆದಿದ್ದಳು: ಹೊಸ ಸಿನಿಮಾಕ್ಕೆ ಬೇಕಾದಷ್ಟು ಚಾನೆಲ್ ಇವೆ, ನಮಗಿರುವುದು ಒಂದು, ಅದನ್ನೂ ಕಿತ್ತುಕೊಂಡು ಪಾಪ ಕಟ್ಟಿಕೊಳ್ಳಬೇಡಿ. ಇನ್ನೊಬ್ಬ ಬರೆದಿದ್ದ: ನಾನು ಕಾಲೇಜಿಗೆ ಚಕ್ಕರ್ ಹೊಡೆದು ನೋಡಿದ ಚಿತ್ರ ನಿಮಗೆ ಇನ್ನೂ ಹೊಸದಂತೆ. ನನ್ನ ಹಲ್ಲೆಲ್ಲ ಉದುರಿದವು ಸ್ವಾಮಿ, ಅದು ಹಳೆಯದಾಗುವುದು ಯಾವಾಗ?

ಎಲ್ಲರೂ ನಕ್ಕರು. ಮುಖ್ಯಸ್ಥೆ ಅವನ ಕಡೆ ತಿರುಗಿದಳು. “ನೀವು ಹೇಳಿ ಸಾರ್.”

ಅವನು ಹೇಳಿದ. ಹಳೆಯದು ಅಂದರೆ ಬರೀ ವಯಸ್ಸಾದದ್ದಲ್ಲ, ಅದೊಂದು ನೋಡುವ ಬಗೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಇವತ್ತು ತೊಂಬತ್ತು ಅಂದರೆ ನಾಳೆ ಮೊನ್ನೆ ಮೊನ್ನೆ ಬಂದದ್ದನ್ನೂ ಹಾಕಿ ಅನ್ನುತ್ತೀರಿ. ಆಗ ನಮಗೂ ಪಕ್ಕದ ಚಾನೆಲ್ಲಿಗೂ ಏನು ವ್ಯತ್ಯಾಸ? ಮಾತು ಸರಾಗವಾಗಿ ಬಂತು. ಪತ್ರದಕ್ಕ ತಲೆದೂಗಿದಳು. ಹೆಂಡತಿಯ ವಿರುದ್ಧ ತಾನು ಎರಡನೇ ಸಲ ವಾದಿಸುತ್ತಿದ್ದೇನೆ ಎಂದು ಅವನಿಗೆ ನಡುವೆ ಹೊಳೆಯಿತು. ಈ ಸಲ ಇನ್ನೂ ಚೆನ್ನಾಗಿ ವಾದಿಸುತ್ತಿದ್ದ. ಆದರೂ ನಿಲ್ಲಿಸಲಿಲ್ಲ.

“ಒಪ್ತೀನಿ ಸಾರ್,” ಎಂದಳು ಮುಖ್ಯಸ್ಥೆ. “ಆದ್ರೆ ಎಪ್ಪತ್ತೇ ಯಾಕೆ? ಅರವತ್ತೆಂಟು ಯಾಕಲ್ಲ? ಯಾರು ಮಾಡಿದ ನಿಯಮ ಇದು?”

“ನಾನು ಬಂದಾಗಲೇ ಇತ್ತು.”

“ಹೌದಾ? ನಾವೆಲ್ಲ ನೀವೇ ಮಾಡಿದ್ದು ಅಂದ್ಕೊಂಡಿದ್ವಿ.”

ಟೇಪಣ್ಣ ಗಂಟಲು ಸರಿಮಾಡಿಕೊಂಡ. “ಯಾರೂ ಮಾಡಿದ್ದಲ್ಲ ಮೇಡಮ್. ಆಗ ನಂಗೆ ಒಂದೇ ಒಂದು ಕಬ್ಬಿಣದ ಬೀರು ಕೊಟ್ಟಿದ್ರು. ಇಸವಿ ಪ್ರಕಾರ ಜೋಡಿಸ್ತಾ ಬಂದೆ. ಎಪ್ಪತ್ತಕ್ಕೆ ಬೀರು ತುಂಬಿಹೋಯ್ತು. ಎಪ್ಪತ್ತರವರೆಗೆ ಅಂತ ಬಾಗಿಲಿಗೆ ಒಂದು ಚೀಟಿ ಅಂಟಿಸ್ದೆ. ಉಳಿದದ್ದನ್ನ ಪೆಟ್ಟಿಗೇಲಿ ಹಾಕಿ ಮೂಲೆಗಿಟ್ಟೆ. ಚೀಟಿ ನೋಡಿ ಯಾರೋ ಅದನ್ನೇ ನಿಯಮ ಅಂತ ಬರ್ಕೊಂಡಿರ್ಬೇಕು.”

ಜಾಹೀರಾತಿನವನು ಮೇಜು ತಟ್ಟಿ ತಟ್ಟಿ ನಕ್ಕ. “ಅಯ್ಯೋ ಸಾರ್, ಇಷ್ಟು ವರ್ಷ ನಾವು ಬೀರುವಿಗೆ ಹೆದರ್ಕೊಂಡು ಬದುಕಿದ್ವಾ?”

ಅವನೂ ನಕ್ಕ. ಒಂದು ಬೀರು. ಹೆಂಡತಿ ಕೇಳಿದ್ದಳು, ಅವನು ಬೀರು ತುಂಬಿದೆ ಎಂದು ಹೇಳಿದ್ದ.

“ಹಾಗಾದ್ರೆ ಯಾರದೂ ತಕರಾರಿಲ್ಲ ಅಲ್ವಾ?” ಎಂದಳು ಮುಖ್ಯಸ್ಥೆ. ಒಪ್ಪಿಗೆಯ ಕೈಗಳು ಮೇಲೆದ್ದವು. ಅವನದೂ ಎದ್ದಿತು. ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಎರಡನೇ ಸುತ್ತಿನ ಕಾಫಿ ಬಂದಾಗ ಕುರ್ಚಿಗಳು ಖಾಲಿಯಾಗಿದ್ದವು.

ಹೊಸದಾಗಿ ಬಂದ ಯಾವ ಚಿತ್ರವನ್ನೂ ಪಟ್ಟಿ ಮಾಡುವವನು ಮೊದಲಿಂದ ಕೊನೆಯವರೆಗೆ ನೋಡಿ ಸಹಿ ಹಾಕದೆ ಪ್ರಸಾರ ಮಾಡುವಂತಿರಲಿಲ್ಲ. ಇದು ನಿಜವಾದ ನಿಯಮ, ಬರವಣಿಗೆಯಲ್ಲಿತ್ತು. ನಲವತ್ತೂ ಚಿತ್ರಗಳ ಪ್ರತಿಗಳನ್ನು ಹಕ್ಕು ಇಟ್ಟುಕೊಂಡ ಕಂಪನಿಯವರು ಅಂದು ಬೆಳಿಗ್ಗೆಯೇ ಕಳಿಸಿದ್ದರು. ಸೋತವನು ಎರಡೆರಡು ಮೆಟ್ಟಿಲು ಹಾರಿ ನೆಲಮಾಳಿಗೆಗೆ ಇಳಿದ. ತಪ್ಪಾಯಿತು, ತಪ್ಪಾಯಿತು, ಎಂದು ದಾರಿಯುದ್ದಕ್ಕೂ ತುಟಿಯಲ್ಲೇ ಅನ್ನುತ್ತಿದ್ದ. ಈಗಲಾದರೂ ಕೇಳುತ್ತೇನಲ್ಲ ಎಂದೂ ಅಂದುಕೊಂಡ. ಹತ್ತೊಂಬತ್ತನೆಯದನ್ನೇ ಮೊದಲು ತೆಗೆದ.

ನೋಡುವ ಕೋಣೆಯೆಂದರೆ ಒಂದು ಕುರ್ಚಿ, ಒಂದು ಪರದೆ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಚಿತ್ರ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಹನ್ನೊಂದನೇ ನಿಮಿಷದಲ್ಲಿ ನಾಯಕಿ ಬಾಗಿಲು ತೆರೆದು, ಯಾರು ಬೇಕಿತ್ತು, ಎಂದಳು.

ಅವನು ಹಿಂದಕ್ಕೆ ಓಡಿಸಿದ. ಯಾರು ಬೇಕಿತ್ತು. ಮತ್ತೆ ಓಡಿಸಿದ.

ಎಳೆಯ, ನಯವಾದ, ಸ್ಪಷ್ಟವಾದ ದನಿ. ತಾನೇ ಮರೆತಿದ್ದೇನೆಯೇ ಎಂದು ಗಾಬರಿಯಾಯಿತು. ಮೂವತ್ತು ವರ್ಷ ಜೊತೆಗಿದ್ದೂ ಗುರುತು ಸಿಗದೆ ಹೋಯಿತೇ? ಇಪ್ಪತ್ತರ ಹರೆಯದಲ್ಲಿ ಅವಳು ಹೀಗೇ ಮಾತಾಡುತ್ತಿದ್ದಳೇನೋ. ಕಣ್ಣು ಮುಚ್ಚಿ, ಇದು ಅವಳೇ ಎಂದು ನಂಬಲು ಪ್ರಯತ್ನಪಟ್ಟ. ಐದು ನಿಮಿಷ ನಂಬಿಯೂ ನಂಬಿದ. ಆಮೇಲೆ ನಾಯಕಿ ನಕ್ಕಳು, ಆ ನಗು ಅವಳದಲ್ಲ.

ಟೇಪಣ್ಣ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಗಳಿಗೆ ಸಂಖ್ಯೆ ಬರೆಯುತ್ತಿದ್ದ.

“ಈ ಕಾಪಿಯ ದನಿ…” ಎಂದ ಅವನು.

“ಹೊಸದು ಸಾರ್. ಕಂಪನಿಯವರ ಹತ್ರ ಮೂಲ ಸೌಂಡ್ ಕೆಟ್ಟುಹೋಗಿತ್ತಂತೆ. ಎಲ್ಲರಿಗೂ ಮತ್ತೆ ಡಬ್ ಮಾಡ್ಸಿದಾರೆ. ಚೆನ್ನಾಗಿದೆ ಅಲ್ವಾ?”

“ಹಳೇದು ಎಲ್ಲೂ ಇಲ್ವಾ?”

“ನಮ್ಮಲ್ಲೇ ಒಂದಿತ್ತಲ್ಲ,” ಎಂದು ಟೇಪಣ್ಣ ಉದ್ದನೆಯ ಪುಸ್ತಕವೊಂದನ್ನು ಕೆಳಗಿಳಿಸಿದ. “ಆ ಮೂಲೆ ಪೆಟ್ಟಿಗೇಲಿ. ಹೊಸ ಟೇಪು ಸಿಗದ ಕಾಲದಲ್ಲಿ ಗಡಿಯಾಚೆದನ್ನೆಲ್ಲ ಅಳಿಸಿ ಬೇರೆ ತುಂಬಿಸ್ಕೊಂಡ್ವಿ. ಇಲ್ನೋಡಿ.”

ಅರವತ್ತು ಸಾಲು. ಟೇಪಣ್ಣನ ಬೆರಳು ನಲವತ್ತಮೂರನೆಯದರ ಮೇಲೆ ನಿಂತಿತು. ತಾರೀಕು, ಆ ಭಾನುವಾರದಿಂದ ಎಂಟು ತಿಂಗಳಾದ ಮೇಲಿನದು. ಆಗ ಅವಳು ಬದುಕಿದ್ದಳು. ಅವಳ ದನಿ ಅವನ ಮೇಜಿನಿಂದ ಐದು ಮಹಡಿ ಕೆಳಗೆ ಪೆಟ್ಟಿಗೆಯೊಂದರಲ್ಲಿತ್ತು. ಹಾಳೆಯ ಕೆಳಗೆ, ಗಡಿಯಾಚೆಯವು, ಅಳಿಸಬಹುದು, ಎಂದು ಬರೆದಿತ್ತು. ಕೆಳಗಿದ್ದ ಸಹಿ ಅವನದು. ಆ ಚಿತ್ರದ ಹೆಸರನ್ನು ಅಂದು ಓದಿದ್ದನೋ ಇಲ್ಲವೋ ಅವನಿಗೆ ನೆನಪಾಗಲಿಲ್ಲ. ಓದಿದ್ದರೂ ಸಹಿ ಹಾಕುತ್ತಿದ್ದೆ ಎಂಬುದು ಮಾತ್ರ ಖಚಿತವಾಗಿ ಗೊತ್ತಿತ್ತು, ಅದನ್ನೇ ಅವನಿಗೆ ತಾಳಲಾಗಲಿಲ್ಲ.

“ಬೇಕಾದವರು ಯಾರಾದ್ರೂ ಇದ್ರಾ ಸಾರ್ ಅದರಲ್ಲಿ?”

“ಇಲ್ಲ. ಸುಮ್ನೆ ಕೇಳ್ದೆ.”

ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ಏನಾಯ್ತು ಅಪ್ಪ, ಎಂದು ಮಗಳು ಬರೆದಿದ್ದಳು. ಒಪ್ಪಿದರು, ಎಂದು ಬರೆದ. ಮರುಕ್ಷಣವೇ ಉತ್ತರ ಬಂತು: ನನಗೆ ಅಳು ಬರ್ತಿದೆ ಅಪ್ಪ. ಯಾವತ್ತು ಅಂತ ಹೇಳು, ನಾನು ಅಲ್ಲಿಗೇ ಬರ್ತೀನಿ, ಇಬ್ಬರೂ ಕೂತು ಕೇಳೋಣ.

ಪಟ್ಟಿ ನೋಡಿ ಹೇಳ್ತೀನಿ, ಎಂದು ಬರೆದು ಕಳಿಸಿದ.

ಮತ್ತೆ ಹೋಗಿ ಕುರ್ಚಿಯಲ್ಲಿ ಕೂತ. ಪೂರ್ತಿ ನೋಡದೆ ಸಹಿ ಹಾಕುವಂತಿರಲಿಲ್ಲ. ಹೆಡ್‌ಫೋನು ಹಾಕಿಕೊಳ್ಳಲಿಲ್ಲ. ಪರದೆಯ ಮೇಲೆ ನಾಯಕಿ ಗಂಡನ ಅಂಗಿ ಹಿಡಿದು ಏನೋ ಬೇಡಿಕೊಳ್ಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ಸಲ ನಗುತ್ತ ಹೇಳಿದ್ದು ನೆನಪಾಯಿತು: ಆ ಹುಡುಗಿ ಎಲ್ಲಿಂದಲೋ ಬಂದವಳು, ನಮ್ಮ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಒಂದರಿಂದ ಹತ್ತು ಹೇಳಿಕೊಟ್ಟು ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು. ಮಾತಿನ ಬದಲು ಅವಳು ಎಣಿಸಿದ್ದಳು. ಆ ಬಾಯೊಳಗೆ ಮಾತು ಕೂರಿಸಿದ್ದು ಹೆಂಡತಿ.

ಅವನು ಮುಂದಕ್ಕೆ ಬಾಗಿದ. ಹೆಂಡತಿಯ ಒಂದು ಮಾತನ್ನಾದರೂ ಆ ತುಟಿಗಳ ಮೇಲೆ ಕೂರಿಸಲು ನೋಡಿದ. ಯಾವುದೂ ಕೂರಲಿಲ್ಲ. ಮೂರಕ್ಕೆ ತುಟಿ ಕೂಡಿತು, ಬಿಟ್ಟಿತು. ಒಂಬತ್ತಕ್ಕೆ ಕೂಡಿತು, ಬಿಟ್ಟಿತು. ಹತ್ತರ ಆಚೆಗೆ ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಕೆನ್ನೆಯುದ್ದಕ್ಕೂ ಕಣ್ಣೀರು ಇಳಿಯುತ್ತಿರಲು, ಗಂಡನ ಎದೆಗೆ ಹಣೆಯಾನಿಸಿ ಬಿಕ್ಕುತ್ತ, ಅವಳು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದಳು.