ಗಾಜು ಯಾವಾಗಲೂ ಕೊನೆಗೆ

ನಮ್ಮ ಅತ್ತೆಯ ಕಾರಿನ ಬಾಗಿಲು ತೆಗೆದರೆ ಮೊದಲು ಎದುರುಗೊಳ್ಳುವುದು ವಾಸನೆ. ಒದ್ದೆ ಟವೆಲ್ಲು, ಕ್ಲೋರಿನ್ನು, ಯಾವ ಕಾಲದಲ್ಲೋ ಸೀಟಿನ ಕೆಳಗೆ ಬಿದ್ದು ಅಲ್ಲೇ ಮುಕ್ತಿ ಪಡೆದ ಬಾಳೆಹಣ್ಣು, ಎಲ್ಲ ಸೇರಿ ಮೂಗಿಗೆ ಬಂದು ಗುದ್ದುತ್ತದೆ. ಅತ್ತೆ ಈಜು ಕಲಿಸುವವರು. ಊರಾಚೆಯ ಈಜುಕೊಳಕ್ಕೆ ಬೆಳಗಿನ ಜಾವ ಒಮ್ಮೆ, ಸಂಜೆ ಒಮ್ಮೆ, ದಿನವೂ ಅದೇ ಕಾರಿನಲ್ಲಿ ಹೋಗಿಬರುತ್ತಾರೆ. ಬರುವಾಗ ದಾರಿಯಲ್ಲಿ ಮನೆಯಿರುವ ಮಕ್ಕಳನ್ನೆಲ್ಲ ಒದ್ದೆ ಬಟ್ಟೆಯಲ್ಲೇ ತುಂಬಿಕೊಂಡು ಬರುತ್ತಾರೆ. ಆ ಸೀಟುಗಳು ಒಣಗಿದ್ದನ್ನು ಮದುವೆಯಾಗಿ ಬಂದಾಗಿನಿಂದ ನಾನು ನೋಡಿಲ್ಲ.

ಇಷ್ಟಕ್ಕೂ ನನ್ನ ಕೆಲಸ ಏನು ಗೊತ್ತೆ? ಕಾರುಗಳನ್ನು ಹೊಸದರಂತೆ ಮಾಡಿಕೊಡುವುದು. ಒಂದು ಬಕೆಟ್ ನೀರು ಎರಚಿ, ಪಾತ್ರೆ ತೊಳೆಯುವ ಸೋಪು ಸವರಿ ಕಳಿಸುವ ಜಾತಿಯವಳಲ್ಲ ನಾನು. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಶೆಡ್ಡಿಗೆ ಬಂದ ಕಾರು ಹೊರಗೆ ಹೋಗುವಾಗ ಅದರ ಮಾಲೀಕರೇ ಪಕ್ಕದ ಕಾರಿನ ಬಾಗಿಲು ತೆಗೆಯಲು ಹೋದದ್ದುಂಟು. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಆದರೆ ಗಿರಾಕಿಗಳು ಮನೆ ಮುಂದೆ ಹಾದುಹೋಗುವಾಗ ಅತ್ತೆಯ ಕಾರು ನೋಡಿ, 'ದೀಪದ ಬುಡದಲ್ಲೇ ಕತ್ತಲೆ' ಎಂದು ನಗುತ್ತಿದ್ದರು.

ಅತ್ತೆಯನ್ನು ಕಾರು ಕೊಡಿ ಎಂದು ಕೇಳಿರಲಿಲ್ಲ ಎಂದಲ್ಲ. ಕೇಳಿ ಕೇಳಿ ನಾಲಿಗೆ ಸವೆದಿತ್ತು.

"ಅತ್ತೆ, ಒಂದೇ ಒಂದ್ಸಲ ಕೊಡಿ, ನೋಡಿ ಹೆಂಗ್ ಮಾಡ್ಕೊಡ್ತೀನಿ ಅಂತ."

"ಕಾರು ಇರೋದು ಓಡಾಡೋಕೆ ಕಣೇ, ಮುಖ ನೋಡ್ಕೊಳ್ಳೋಕಲ್ಲ. ನಿನ್ನ ಕೈಗೆ ಕೊಟ್ರೆ ವಾರಗಟ್ಲೆ ಉಜ್ತಾ ಕೂತಿರ್ತೀಯ, ಮಕ್ಕಳನ್ನ ನಿನ್ನಪ್ಪ ಕರ್ಕೊಂಡ್ಬರ್ತಾನಾ?"

ನನಗೆ ಅವರಿಟ್ಟ ಹೆಸರು ಉಜ್ಜಮ್ಮ. ಕಾರಿನ ಕೀಲಿ ಕೊಡುವುದಿರಲಿ, ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ.

ಅಂಥವರು ಒಂದು ದಿನ ಬೆಳಗ್ಗೆ ತಾವಾಗಿಯೇ ಶೆಡ್ಡಿಗೆ ಬಂದು, ಕೀಲಿಯನ್ನು ನನ್ನ ಪಾಲಿಶ್ ಡಬ್ಬಿಗಳ ಪಕ್ಕ ಇಟ್ಟರು.

"ತಗೋ. ಎಷ್ಟು ಬೇಕಾದ್ರೂ ಉಜ್ಜು. ಸಂಜೆ ಔಷಧಿ ಅಂಗಡಿಯವರು ನೋಡೋಕೆ ಬರ್ತಾರಂತೆ. ಮಾರ್ಬಿಡೋಣ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಹಿಂದಿನ ವಾರ ಒಂದು ಸಂಜೆ ಅವರು ಈಜುಕೊಳದ ಗೇಟಿನ ಕಂಬಕ್ಕೆ ಕಾರು ತಾಗಿಸಿಕೊಂಡು ಬಂದದ್ದು ಗೊತ್ತಿತ್ತು. ಅದಾದ ಮೇಲೆ ರಜೆ ಹಾಕಿ ಮನೆಯಲ್ಲೇ ಕೂತದ್ದೂ ಗೊತ್ತಿತ್ತು. ಕಂಬಕ್ಕೆ ಯಾರು ತಾನೆ ತಾಗಿಸಿಲ್ಲ? ನನ್ನ ಗಿರಾಕಿಗಳಲ್ಲಿ ಅರ್ಧ ಜನ ಕಂಬದ ಕೃಪೆಯಿಂದಲೇ ಬರುತ್ತಾರೆ.

"ಯಾಕತ್ತೆ? ಏನಾಯ್ತು?"

"ಕಣ್ಣು ಹೋಯ್ತು ಕಣೇ. ಸಂಜೆ ಹೊತ್ತು ಎದುರಿಗೆ ಬೆಳಕು ಬಂದ್ರೆ ಎಲ್ಲಾ ಬೆಳ್ಳಗೆ ಕಾಣುತ್ತೆ. ಹಾಲು ಚೆಲ್ಲಿದ ಹಾಗೆ."

"ಡಾಕ್ಟರ್ ಹತ್ರ ಹೋಗಿದ್ರಲ್ಲ?"

"ಹೋಗಿದ್ದೆ. ಕಣ್ಣು ಚೆನ್ನಾಗಿದೆ, ಇನ್ನೂ ಹತ್ತು ವರ್ಷ ಯೋಚನೆ ಇಲ್ಲ ಅಂತ ನಗ್ತಾ ಕಳಿಸಿದ. ವಯಸ್ಸಾದವರಿಗೆ ಸಮಾಧಾನಕ್ಕೆ ಹಾಗೇ ಹೇಳ್ತಾರೆ. ಚೆನ್ನಾಗಿದ್ರೆ ಕಂಬ ಯಾಕೆ ಕಾಣ್ಲಿಲ್ಲ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಾನು ಹಾಗನ್ನೋಳಲ್ಲ. ತಪ್ಪು ನಂದೇ."

ಕಾರು ಹೋದರೆ ಈಜುಕೊಳವೂ ಹೋಯಿತು ಎಂದೇ ಲೆಕ್ಕ. ಅಷ್ಟು ಬೆಳಗ್ಗೆ ಆ ಕಡೆ ಬಸ್ಸಿಲ್ಲ. ನಾನೇ ದಿನವೂ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದೆ. ಇನ್ನೊಬ್ಬರ ಕಾಲ ಮೇಲೆ ನಿಂತು ಮಕ್ಕಳಿಗೆ ಈಜು ಕಲಿಸಲಾಗುವುದಿಲ್ಲ ಎಂದರು. ಇನ್ನು ಬರುವುದಿಲ್ಲವೆಂದು ಮಕ್ಕಳಿಗೂ ಹೇಳಿ ಆಗಿತ್ತಂತೆ. ನನ್ನ ಗಂಡನಿಗೋ ಒಳಗೊಳಗೇ ನೆಮ್ಮದಿ. ಅಮ್ಮನಿಗೆ ವಯಸ್ಸಾಯಿತು, ಮನೆಯಲ್ಲಿ ಆರಾಮಾಗಿ ಇರಲಿ ಎಂದು ಅವರೇ ಓಡಾಡಿ ಗಿರಾಕಿಯನ್ನು ಹುಡುಕಿದ್ದರು. ಅತ್ತೆ ಮನೆಯಲ್ಲಿ ಆರಾಮಾಗಿ ಇರುವುದೆಂದರೆ ಏನೆಂದು ಆ ವಾರ ನಾನು ನೋಡಿದ್ದೆ. ಸೋಫಾದ ತುದಿಯಲ್ಲಿ ಕೂತು, ಹೊರಡುವ ಹೊತ್ತಾದಾಗ ಎದ್ದು ನಿಂತು, ಮತ್ತೆ ಕೂರುತ್ತಿದ್ದರು.

ಸಂಕಟವಾದಾಗ ನನಗೆ ಬರುವುದು ಸಿಟ್ಟು. ಸಿಟ್ಟು ಬಂದಾಗ ನನ್ನ ಕೆಲಸ ಇನ್ನೂ ಚೆನ್ನಾಗುತ್ತದೆ. ಸರಿ, ಮಾರುವುದೇ ಆದರೆ ಕೊಳ್ಳುವವರು ಬಾಯಿ ಬಿಟ್ಟುಕೊಂಡು ನಿಲ್ಲಬೇಕು ಎಂದುಕೊಂಡು ತೋಳು ಮಡಚಿದೆ. ಅತ್ತೆ ಮನೆಗೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಅಲ್ಲೇ ಕೂತರು.

ಮೊದಲು ಒಳಗಿನ ಕೆಲಸ. ಸೀಟುಗಳನ್ನು ಬಿಚ್ಚಿ ಹೊರಗಿಟ್ಟೆ. ಕೆಳಗೆ ಈಜು ಕನ್ನಡಕಗಳು, ಕಿವಿಗೆ ಹಾಕುವ ಬಿರಡೆಗಳು, ಒಂಟಿ ಚಪ್ಪಲಿಗಳು, ಒಂದು ಹಾಲುಹಲ್ಲು ಕೂಡ ಸಿಕ್ಕಿತು.

"ಅಯ್ಯೋ, ಆ ಹಲ್ಲು! ಎಷ್ಟು ಹುಡುಕಿದ್ವಿ ಗೊತ್ತಾ? ಆ ಹುಡುಗ ಅತ್ತೂ ಅತ್ತೂ ಪ್ರಾಣ ತಿಂದಿದ್ದ. ಈಗ ಅವನಿಗೆ ಮೀಸೆ ಬಂದಿದೆ."

ಕಾರ್ಪೆಟ್ಟಿನ ಮೇಲೆ ನೀರು ಹಾಯಿಸಿ ಹೀರುವ ಮಷೀನು ಓಡಿಸಿದರೆ ಕಪ್ಪು ನೀರು. ಮತ್ತೆ ಓಡಿಸಿದರೆ ಮತ್ತೆ ಕಪ್ಪು ನೀರು. ಅದು ತಿಳಿಯಾಗುವವರೆಗೆ ನಾನು ಬಿಡಲಿಲ್ಲ. ಗಾಳಿ ಊದುವ ಬ್ಲೋವರ್ ಇಟ್ಟು ಸೀಟುಗಳನ್ನು ಒಣಗಿಸಿ ಮತ್ತೆ ಕೂರಿಸಿದೆ. ಎ.ಸಿ. ಗಾಳಿ ಬರುವ ಕಿಂಡಿಗಳ ಸಂದುಗಳಿಗೆ ಸಣ್ಣ ಬ್ರಷ್ ಹಾಕಿ ಮರಳು ತೆಗೆದೆ. ಬಾಗಿಲ ಅಂಚಿನ ರಬ್ಬರಿನಲ್ಲಿ ಹಸಿರು ಪಾಚಿ ಕಟ್ಟಿತ್ತು.

"ಇನ್ನೊಂದು ವರ್ಷ ಬಿಟ್ಟಿದ್ರೆ ಇಲ್ಲೇ ಮೀನು ಸಾಕ್ಬಹುದಿತ್ತು" ಎಂದೆ.

"ಸಾಕು ಬಾಯ್ಮುಚ್ಚೇ. ಮಾಡೋ ಕೆಲಸ ಮಾಡು" ಎಂದರು. ಆದರೆ ಸ್ಟೂಲು ಸ್ವಲ್ಪ ಹತ್ತಿರ ಬಂದಿತ್ತು.

ಆಮೇಲೆ ಹೊರಮೈ. ಶಾಂಪೂ ಹಾಕಿ ತೊಳೆದು, ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆಯಿಂದ ಬಣ್ಣಕ್ಕೆ ಅಂಟಿದ ಕೊಳೆಯನ್ನೆಲ್ಲ ಎಳೆದು ತೆಗೆದೆ. ಪಾಲಿಶ್ ಮಷೀನು ಬಾನೆಟ್ಟಿನ ಮೇಲೆ ಒಂದು ಸುತ್ತು ಹೋಗಿಬಂದಾಗ, ಬಿಸಿಲಿಗೆ ಬೆಳ್ಳಗಾಗಿದ್ದ ಜಾಗದಲ್ಲಿ ಕಡುಕೆಂಪು ಎದ್ದು ಬಂತು. ಅತ್ತೆ ಎದ್ದು ಬಂದು ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಈ ಬಣ್ಣ ಅನ್ನೋದೇ ಮರ್ತುಹೋಗಿತ್ತು" ಎಂದರು.

ಮುಂದಿನ ಎಡ ಮೂಲೆಗೆ ಬಂದೆ. ಅಲ್ಲಿ ಕಂಬದ ಸುಣ್ಣ ಇನ್ನೂ ಗೀರುಗಳಲ್ಲಿ ಕೂತಿತ್ತು. ಇದೇನು ಮಹಾ, ಅರ್ಧ ಗೀರು ಹೋಗುತ್ತೆ, ಉಳಿದದ್ದಕ್ಕೆ ಬಣ್ಣ ಮುಟ್ಟಿಸ್ತೀನಿ ಎಂದು ಹೇಳುತ್ತಾ ತಲೆಯೆತ್ತಿದರೆ, ಅತ್ತೆ ಮುಖ ಆ ಕಡೆ ತಿರುಗಿಸಿದ್ದರು.

"ಅತ್ತೆ?"

"ಅಲ್ಲೊಬ್ಳು ಹುಡುಗಿ ನಿಂತಿದ್ಳು."

ನಾನು ಮಷೀನು ಆರಿಸಿದೆ.

"ಕಂಬಕ್ಕೆ ಒರಗಿ ನಿಂತಿದ್ಳು ಕಣೇ. ನಮ್ಮ ಸಂಜೆ ಕ್ಲಾಸಿನವಳೇ. ಸೂರ್ಯ ನೇರ ಮುಖಕ್ಕೆ ಹೊಡೀತಿದ್ದ, ನಂಗೇನೂ ಕಾಣ್ಲಿಲ್ಲ. ಕಂಬಕ್ಕೆ ತಾಗಿ ಕಾರು ನಿಂತ ಮೇಲೇನೇ ಅವಳು ಕಂಡಿದ್ದು. ಇಷ್ಟೇ ದೂರ." ಅವರು ಎರಡೂ ಅಂಗೈ ಎದುರುಬದುರು ಹಿಡಿದು ತೋರಿಸಿದರು. "ನೀರಲ್ಲಿ ಒಂದು ಮಗೂನೂ ಮುಳುಗೋಕೆ ಬಿಟ್ಟೋಳಲ್ಲ ನಾನು. ನೆಲದ ಮೇಲೆ ನನ್ನ ಕೈಯಿಂದಾನೇ..."

ಇದನ್ನು ಅವರು ಮಗನಿಗೂ ಹೇಳಿರಲಿಲ್ಲ. ನಾನು ಅವರ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟೆ. ಮತ್ತೆ ಮಷೀನು ಹಾಕಿ ಆ ಗೀರುಗಳನ್ನು ಹಟ ಹಿಡಿದು ಉಜ್ಜಿದೆ.

ಉಳಿದದ್ದು ಗಾಜು. ನಮ್ಮ ಕಸುಬಿನಲ್ಲಿ ಗಾಜು ಯಾವಾಗಲೂ ಕೊನೆಗೆ. ಮೊದಲೇ ಒರೆಸಿದರೆ ಉಳಿದ ಕೆಲಸದ ಧೂಳು, ಪಾಲಿಶ್ ಎಲ್ಲ ಅದರ ಮೇಲೇ ಬಂದು ಕೂರುತ್ತದೆ. ಅಷ್ಟು ಹೊತ್ತಿಗೆ ಹೊತ್ತು ಇಳಿದು, ಶೆಡ್ಡಿನ ಬಾಗಿಲಿನಿಂದ ಬಿಸಿಲು ನೇರವಾಗಿ ಕಾರಿನ ಮೂತಿಗೆ ಬೀಳುತ್ತಿತ್ತು. ನಾನು ಡ್ರೈವರ್ ಸೀಟಿನಲ್ಲಿ ಕೂತು, ಮುಂದಿನ ಗಾಜಿನ ಒಳಮೈಗೆ ಬಟ್ಟೆ ಇಟ್ಟೆ. ಬಟ್ಟೆ ಜಾರಲಿಲ್ಲ. ಅಂಟಿಕೊಂಡಿತು.

ಬಟ್ಟೆ ತೆಗೆದು ನೋಡಿದರೆ ಬೂದು ಬಣ್ಣದ ಜಿಡ್ಡು. ಮೂಸಿದೆ. ಏನಿದು, ಗೊತ್ತಿರುವ ವಾಸನೆಯೇ. ಕ್ಲೋರಿನ್ ಅಲ್ಲ. ಮಕ್ಕಳ ಮೈಗೆ ಬಿಸಿಲು ತಾಗದಿರಲೆಂದು ಬಳಿಯುವ ಸನ್‌ಸ್ಕ್ರೀನು!

"ಅತ್ತೆ, ಈ ಗಾಜನ್ನ ಯಾವುದ್ರಲ್ಲಿ ಒರೆಸ್ತೀರ?"

"ಇನ್ಯಾವುದ್ರಲ್ಲಿ? ಟವೆಲ್ಲಲ್ಲಿ. ದಿನಾ ಒಳಗಡೆ ಮಂಜು ಕಟ್ಟುತ್ತೆ, ಕೈಗೆ ಸಿಕ್ಕಿದ ಟವೆಲ್ ತಗೊಂಡು ಒಂದ್ಸಲ ಎಳೀತೀನಿ, ಹೋಗುತ್ತೆ."

"ಮಕ್ಕಳು ಮೈ ಒರೆಸ್ಕೊಂಡ ಟವೆಲ್ಲಾ?"

"ಮತ್ತೆ ಅದಕ್ಕೆ ಅಂತ ರೇಷ್ಮೆ ತರ್ಲಾ?"

ದ್ರಾವಣ ಸಿಂಪಡಿಸಿ, ಹೊಸ ಬಟ್ಟೆ ತೆಗೆದುಕೊಂಡು, ಗಾಜಿನ ಬಲ ಅರ್ಧವನ್ನು ಮಾತ್ರ ಒರೆಸಿದೆ. ಬಟ್ಟೆ ಬದಲಿಸಿ ಮತ್ತೆ ಒರೆಸಿದೆ. ಬಟ್ಟೆ ಜಾರಿ ಕೀಚಲುಗುಟ್ಟುವವರೆಗೆ ಒರೆಸಿ, ಕೆಳಗಿಳಿದು, ಅತ್ತೆಯ ಕೈ ಹಿಡಿದು ಎಬ್ಬಿಸಿದೆ.

"ಕೂತ್ಕೊಳ್ಳಿ ಇಲ್ಲಿ."

"ಬೇಡ ಕಣೇ. ನಾನು ಆ ಸೀಟಲ್ಲಿ ಇನ್ನು..."

"ಕೂತ್ಕೊಳ್ಳಿ ಅಂದ್ನಲ್ಲ!"

ಅತ್ತೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವರು ಬೆಚ್ಚಿ ಕೂತರು.

"ಎಡಗಡೆ ಬಾಗಿ, ಒರೆಸದೇ ಇರೋ ಕಡೆಯಿಂದ ನೋಡಿ. ಎದುರು ಅಂಗಡಿ ಮೆಟ್ಟಿಲ ಮೇಲೆ ಯಾರಿದಾರೆ?"

"ಏನೂ ಕಾಣಲ್ಲ. ಬೆಳ್ಳಗಿದೆ. ಅದೇ ಹೇಳಿದ್ನಲ್ಲ, ಹಾಲು..."

"ಈಗ ಬಲಗಡೆಯಿಂದ ನೋಡಿ."

ಅವರು ತಲೆಯನ್ನು ಇತ್ತ ತಂದರು. ಬಾಯಿ ಅರ್ಧ ತೆರೆದೇ ಉಳಿಯಿತು. "ಟೈರ್ ಅಂಗಡಿಯವನು. ಕಾಲಿನ ಉಗುರು ಕತ್ತರಿಸ್ಕೊಳ್ತಾ ಇದಾನೆ." ಮತ್ತೆ ಎಡಕ್ಕೆ ಹೋದರು, ಮತ್ತೆ ಬಲಕ್ಕೆ ಬಂದರು. ಕಿಟಕಿಯಲ್ಲಿ ಇಣುಕುವ ಮಗುವಿನ ಹಾಗೆ ಆ ಕಡೆ ಈ ಕಡೆ ಆಡುತ್ತಲೇ ಇದ್ದರು.

"ಅತ್ತೆ, ನೆಲ ನಿಜವಾಗ್ಲೂ ಡೊಂಕಾಗೇ ಇತ್ತು" ಎಂದೆ. "ವರ್ಷಗಟ್ಲೆ ಆ ಜಿಡ್ಡನ್ನ ನೀವೇ ಕೈಯಾರೆ ಬಳೀತಾ ಬಂದಿದೀರ. ಹಗಲಲ್ಲಿ ಗೊತ್ತಾಗಲ್ಲ. ಎದುರಿಗೆ ಬೆಳಕು ಬಿತ್ತು ಅಂದ್ರೆ ಗಾಜೆಲ್ಲ ಬೆಳ್ಳಗಾಗುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಗಾಜಿನ ತಪ್ಪಿಗೆ ಕಣ್ಣನ್ನ ಬೈಕೊಂಡು ಕೂತಿದೀರಲ್ಲ!"

ಅವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟರು. ಆಮೇಲೆ ತಲೆಯೆತ್ತಿ ಕೈ ಚಾಚಿದರು.

"ಬಟ್ಟೆ ಕೊಡು. ಉಳಿದಿದ್ದು ನಾನೇ ಒರೆಸ್ತೀನಿ."

"ಸುತ್ತಾ ಸುತ್ತಾ ಅಲ್ಲತ್ತೆ, ನೇರಕ್ಕೆ ಎಳೀರಿ. ಅಯ್ಯೋ ಕರ್ಮ, ಮೂಲೆ ಬಿಟ್ರಲ್ಲ!"

"ಒರೆಸೋದು ನಾನಾ ನೀನಾ?"

ನನ್ನ ಗಂಡ ಔಷಧಿ ಅಂಗಡಿಯವರನ್ನು ಕರೆದುಕೊಂಡು ಬಂದಾಗ ಅತ್ತೆ ಆ ಸೀಟಿನಲ್ಲೇ ಇದ್ದರು. ಔಷಧಿ ಅಂಗಡಿಯವರು ಕಾರಿನ ಸುತ್ತ ಒಂದು ಸುತ್ತು ಬಂದರು. ಹೇಳಿದ್ದೆನಲ್ಲ, ಬಾಯಿ ಬಿಟ್ಟುಕೊಂಡೇ ನಿಂತರು.

"ಇಷ್ಟು ಚೆನ್ನಾಗಿರೋ ಕಾರನ್ನ ಯಾಕಮ್ಮಾ ಮಾರ್ತಿದೀರ?"

"ಯಾರು ಮಾರ್ತಿರೋದು?" ಎಂದರು ಅತ್ತೆ.

"ಅಮ್ಮಾ, ಮಾತು ಕೊಟ್ಟಾಗಿದೆ" ಎಂದರು ನನ್ನ ಗಂಡ.

"ಆಗ ನಂಗೇನೂ ಕಾಣ್ತಿರ್ಲಿಲ್ಲ ಕಣೋ. ಈಗ ಕಾಣ್ತಿದೆ. ತಪ್ಪು ತಿಳ್ಕೋಬೇಡಿ ಅಂಗಡಿಯವರೇ, ನಿಮ್ಮನ್ನ ಸುಮ್ನೆ ಕರೆಸಿದ ಹಾಗಾಯ್ತು. ಮಗಳಿಗೆ ಈಜು ಕಲಿಸ್ಬೇಕಾದ್ರೆ ಕಳ್ಸಿ." ಆಮೇಲೆ ನನ್ನ ಕಡೆ ತಿರುಗಿದರು. "ಹತ್ತೇ ಉಜ್ಜಮ್ಮ."

ಹತ್ತಿದೆ. ಗಂಡಸರಿಬ್ಬರೂ ಶೆಡ್ಡಿನ ಮುಂದೆ ಮುಖ ಮುಖ ನೋಡಿಕೊಳ್ಳುತ್ತಾ ನಿಂತದ್ದು ಕನ್ನಡಿಯಲ್ಲಿ ಕಂಡಿತು. ಊರ ಅಂಚು ದಾಟಿದ ಮೇಲೆ ರಸ್ತೆ ನೇರವಾಗಿ ಮುಳುಗುವ ಸೂರ್ಯನ ಕಡೆಗೇ ಹೋಗುತ್ತದೆ. ಬಿಸಿಲು ಮುಖಕ್ಕೇ ಬಿತ್ತು. ನಾನು ಕೈ ಅಡ್ಡ ಹಿಡಿದೆ. ಅತ್ತೆ ಹಿಡಿಯಲಿಲ್ಲ. ಅವರ ಎರಡೂ ಕೈ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿದ್ದವು, ತುಟಿ ಒಣಗಿತ್ತು.

ಈಜುಕೊಳದ ಗೇಟು ಇನ್ನೂ ದೂರವಿರುವಾಗಲೇ ಅವರು ವೇಗ ಕಡಿಮೆ ಮಾಡಿದರು.

"ನೋಡೇ, ಆ ಹುಡುಗಿ ಶೂ ಲೇಸ್ ಬಿಚ್ಚೋಗಿದೆ."

"ಯಾವ ಹುಡುಗಿ?" ಎಂದೆ. ನನಗೆ ಅಲ್ಲಿ ಹುಡುಗಿಯೊಬ್ಬಳು ಇರುವುದೇ ಇನ್ನೂ ಕಂಡಿರಲಿಲ್ಲ.

ಕಂಬಕ್ಕೆ ಒರಗಿಕೊಂಡು, ಮನೆಯವರಿಗಾಗಿ ಕಾಯುತ್ತಾ ನಿಂತಿದ್ದಳು ಅದೇ ಹುಡುಗಿ. ಅತ್ತೆ ಅವಳಿಂದ ಎಷ್ಟೋ ಈಚೆಗೇ ಕಾರು ನಿಲ್ಲಿಸಿ, ಗಾಜು ಇಳಿಸಿದರು. ಅವಳು ಹೊಳೆಯುವ ಕಾರನ್ನು ಗುರುತು ಹಿಡಿಯಲಾರದೆ ನೋಡಿ, ಮುಖ ಕಂಡ ಮೇಲೆ ಓಡಿ ಬಂದಳು.

"ಟೀಚರ್! ನೀವಿನ್ನು ಬರಲ್ಲ ಅಂದ್ರು?"

"ಯಾರು ಅಂದಿದ್ದು?"

"ನೀವೇ."

"ನಾನು ಅಂದಿದ್ದನ್ನೆಲ್ಲ ನಂಬ್ತೀಯಾ? ಮೊದ್ಲು ಲೇಸ್ ಕಟ್ಕೋ, ಬೀಳ್ತೀಯ. ನಾಳೆ ಸಂಜೆ ನಾನು ಬರೋಷ್ಟರಲ್ಲಿ ನೀರಲ್ಲಿರ್ಬೇಕು, ಗೊತ್ತಾಯ್ತಾ?"

ಹುಡುಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಲೇಸು ಕಟ್ಟತೊಡಗಿದಳು. ಅವಳು ಗಂಟು ಬಿಗಿದು ಎದ್ದು ನಿಲ್ಲುವವರೆಗೂ ಅತ್ತೆ ಕಣ್ಣು ತೆಗೆಯದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನೇ ಇದು? ಅಳೋದಾದ್ರೆ ಕೆಳಗಿಳಿದು ಅಳು. ಸೀಟು ಈಗಷ್ಟೇ ಒಣಗಿದೆ."